ಗಂಡು ಕುರುಡಿಯನ್ನು ಕಂಡವರು ಯಾರಾದ್ರೂ ಉಂಟಾ?

ಕುಂಬ್ಳೆ ಮೊಮ್ಮಗ
ಮೊನ್ನೆ ಆದಿತ್ಯವಾರ ಮಾವ ಶಿರಿಯ ಅಳಿವೆ ಬಾಯಿಯಿಂದ ಒಂದು ಕುರುಡಿ ಮೀನು ತಂದರು. ಟ್ರಾಲಿಂಗ್ ನಿಷೇಧ ಶುರುವಾಗಿ ವಾರ ಆಗಿತ್ತಷ್ಟೆ, ಬೋಟುಗಳೆಲ್ಲ ದಡದಲ್ಲಿ. ದೋಣಿಯವರು ಹೇಳಿದ್ದೇ ಕ್ರಯ. ತೂಕ 9 ಕಿಲೋ 200. ನಾಲ್ಕು ಮನೆಯವರು ಸೇರಿ ಪಾಲು ಹಾಕಿದ್ದು, ಮಂಡೆ ನಮಗೆ ಬಂತು.

ಕೊಯ್ದದ್ದು ಅಜ್ಜಿ. ಹೊಟ್ಟೆ ಸೀಳಿದಾಗ ಎರಡು ಉದ್ದದ ಚೀಲ, ಒಳಗೆ ತತ್ತಿ, ರವೆಯ ಹಾಗೆ. ಒಂದೊಂದು ಚೀಲ ನನ್ನ ಮುಂಗೈಯಷ್ಟು ಉದ್ದ. ಅಜ್ಜಿ ಕತ್ತಿ ಕೆಳಗಿಟ್ಟು ಒಂದು ಮಾತು ಹೇಳಿದರು: "ಮದುವೆಯಾಗಿ ಬಂದಲ್ಲಿಂದ ಕೊಯ್ತಾ ಇದ್ದೇನೆ, ಇಷ್ಟು ದೊಡ್ಡ ಕುರುಡಿಯಲ್ಲಿ ಒಂದು ಗಂಡನ್ನು ಕಂಡದ್ದಿಲ್ಲ."

ಆವಾಗಿನಿಂದ ತಲೆಯಲ್ಲಿ ಅದೇ. ಬಂಗುಡೆಯಲ್ಲಿ ಗಂಡು ಸಿಗ್ತದೆ, ಕಾಣೆಯಲ್ಲಿ ಸಿಗ್ತದೆ. ಕುರುಡಿಯಲ್ಲಿ ಯಾಕೆ ಇಲ್ಲ? ಗಂಡು ಅಳಿವೆಗೆ ಬರುವುದೇ ಇಲ್ವಾ? ತಿಳಿದವರು ಹೇಳಿ.

ಉಪ್ಪಳ ಅಡುಗೆಮನೆ
ಗಂಡು ಹೆಣ್ಣು ಆಮೇಲೆ ನೋಡುವ. ತತ್ತಿ ಎಂತ ಮಾಡಿದ್ರಿ? ಹೇಳಿ ಮೊದಲು.

ಕುಂಬ್ಳೆ ಮೊಮ್ಮಗ
ಬಾಳೆಲೆಯಲ್ಲಿ ಕಟ್ಟಿ ಕಾವಲಿಯಲ್ಲಿ ಇಟ್ಟದ್ದು. ಅರಸಿನ, ಮೆಣಸು, ಉಪ್ಪು. ಬೇರೇನೂ ಇಲ್ಲ.

ಹೊಸೂರು ಹುಡುಗಿ
ಕ್ಷಮಿಸಿ, ಕುರುಡಿ ಅಂದ್ರೆ ಯಾವ ಮೀನು? ನಾವು ಹೊಸೂರಿನಲ್ಲಿ ಕನ್ನಡದವರು, ಸಮುದ್ರ ನೋಡಿದ್ದೇ ಕಾಲೇಜು ಟೂರಿನಲ್ಲಿ. ಇಲ್ಲಿ ಮಾರ್ಕೆಟ್ಟಿನಲ್ಲಿ ತಮಿಳು ಹೆಸರು ಮಾತ್ರ ಕೇಳಿಸುತ್ತೆ.

ಬಲೆಮನೆ
ತಮಿಳಿನವರು ಕೊಡುವಾ ಅಂತಾರಲ್ಲ ತಂಗೀ, ಅದೇ. ನಮ್ಮಲ್ಲಿ ತೆಂಕಕ್ಕೆ ಹೋದ ಹಾಗೆ ಇದರ ಹೆಸರು ಬದಲಾಗ್ತದೆ. ಉಪ್ಪಳ, ಮಂಜೇಶ್ವರ ಕಡೆ ಕುರುಡಿ. ಕಾಸರಗೋಡು ಪೇಟೆಯಲ್ಲಿ ಮಲಯಾಳದವರ ಬಾಯಲ್ಲಿ ನರಿಮೀನ್. ಇನ್ನೂ ತೆಂಕಕ್ಕೆ ಹೋದರೆ ಕಾಳಾಂಜಿ. ಪೇಟೆಯಲ್ಲಿ ನನ್ನದೇ ಬುಟ್ಟಿಯ ಒಂದೇ ಮೀನಿಗೆ ಮೂರು ಜನ ಮೂರು ಹೆಸರು ಹೇಳಿ ಚೌಕಾಸಿ ಮಾಡಿದ್ದುಂಟು. ಕ್ರಯ ಮಾತ್ರ ಮೂವರಿಗೂ ಒಂದೇ.

ಪುತ್ತಿಗೆ ಟು ಹೌರಾ
ಕೋಲ್ಕತ್ತಾದಲ್ಲಿ ಇದೇ ಭೇಟ್ಕಿ. ಇಲ್ಲಿ ಮದುವೆ ಊಟ ಅಂದರೆ ಭೇಟ್ಕಿ ಫ್ರೈ ಇರಲೇಬೇಕು, ಬಾಳೆಲೆಯಲ್ಲಿ ಸಾಸಿವೆ ಅರೆದು ಕಟ್ಟುವ ಪಾತುರಿಯೂ ಉಂಟು. ನಿಮ್ಮ ಅಜ್ಜಿಯ ತತ್ತಿ ಕಟ್ಟಿನ ಅಣ್ಣನೋ ತಮ್ಮನೋ ಅನ್ನಬಹುದು. ಆದರೆ ಹೋಟೆಲಿನಲ್ಲಿ ಭೇಟ್ಕಿ ಅಂತ ಬಾಸಾ ಮೀನನ್ನು ಬಡಿಸುವವರು ಬಹಳ. ಬಾಯಿಗೆ ಹಾಕಿದ ಕೂಡಲೇ ಹತ್ತಿಯ ಹಾಗೆ ಕರಗಿದರೆ ಅದು ಬಾಸಾ. ಕುರುಡಿಯ ಮಾಂಸ ಪದರ ಪದರವಾಗಿ ಬಿಡಿಸಿಕೊಳ್ಳಬೇಕು.

ಅಂದ ಹಾಗೆ ಆಂಧ್ರದವರು ಪಂಡುಗಪ್ಪ ಅಂತಾರೆ, ರಾಯಗಡ ಕಡೆ ಮರಾಠಿಗರು ಜಿತಾಡಾ ಅಂತಾರೆ. ನಮ್ಮ ಆಫೀಸಿನಲ್ಲಿ ಈ ಒಂದು ಮೀನಿನ ಹೆಸರಿನ ಮೇಲೆ ಒಂದು ಮಧ್ಯಾಹ್ನ ಹೋಯ್ತು.

ಬದಿಯಡ್ಕ ಟೀಚರ್
ಮೊಮ್ಮಗನ ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಅವರು ಕಂಡದ್ದು ನೂರಕ್ಕೆ ನೂರು ಸರಿ. ಜೀವಶಾಸ್ತ್ರದ ಪುಸ್ತಕ ಹೇಳುವುದೂ ಅದನ್ನೇ.

ಗಂಡು ಕುರುಡಿ ಎಲ್ಲಿಗೂ ಹೋಗಿಲ್ಲ. ನೀವು ಕೊಯ್ದದ್ದೇ ಒಂದು ಕಾಲದ ಗಂಡು.

ಕುರುಡಿಗಳು, ಅಪರೂಪಕ್ಕೆ ಒಂದೆರಡು ಬಿಟ್ಟರೆ, ಮೊದಲು ಗಂಡಾಗಿಯೇ ಬಲಿಯುತ್ತವೆ. ಮೂರು ನಾಲ್ಕು ವರ್ಷಕ್ಕೆ ಗಂಡಾಗಿ ಸಂತಾನ ಮಾಡುತ್ತವೆ. ಆಮೇಲೆ ಹೊಟ್ಟೆಯೊಳಗಿನ ವೃಷಣವೇ ಬದಲಾಗಿ ಅಂಡಾಶಯ ಆಗ್ತದೆ. ಆಸ್ಟ್ರೇಲಿಯಾದಲ್ಲಿ ನೋಡಿದ ಲೆಕ್ಕದಲ್ಲಿ ಆರರಿಂದ ಎಂಟು ವರ್ಷಕ್ಕೆ, ಉದ್ದ 85ರಿಂದ 100 ಸೆಂಟಿಮೀಟರ್ ಆಗುವ ಹೊತ್ತಿಗೆ ಈ ಬದಲಾವಣೆ. ನಮ್ಮ ಏಷ್ಯಾದ ಕಡೆ ಇನ್ನೂ ಸಣ್ಣದರಲ್ಲೇ ಆಗುವುದೂ ಉಂಟು. ಒಮ್ಮೆ ಹೆಣ್ಣಾದ ಮೇಲೆ ವಾಪಸ್ ಗಂಡಾಗುವುದಿಲ್ಲ. ಹಾಗಾಗಿ ಎರಡು ಕಿಲೋದ ಕುರುಡಿ ಕೊಯ್ದರೆ ಹೆಚ್ಚಾಗಿ ಗಂಡು, ಒಂಬತ್ತು ಕಿಲೋದ್ದು ಕೊಯ್ದರೆ ಹೆಚ್ಚುಕಡಿಮೆ ಹೆಣ್ಣೇ. ಸಣ್ಣ ಮೀನಿನ ಹೊಟ್ಟೆಯಲ್ಲಿ ತತ್ತಿ ಕಾಣದಿದ್ದರೆ "ಇನ್ನೂ ಬೆಳೆದಿಲ್ಲ" ಅಂತ ನಾವು ಬಿಟ್ಟುಬಿಡುತ್ತೇವೆ, ಗಂಡು ಅಂತ ಯಾರೂ ನೋಡುವುದಿಲ್ಲ. ಅಜ್ಜಿ ದೊಡ್ಡದರ ಬಗ್ಗೆ ಮಾತ್ರ ಹೇಳಿದ್ದು ಗಮನಿಸಿ. ಅವರು ಮಾತು ತೂಗಿ ಆಡುವವರು.

ಗಾಳಗಂಬ
ಟೀಚರೇ ತಮಾಷೆ ಮಾಡ್ತಿಲ್ಲ ತಾನೆ? 😀 ಹದಿನೈದು ವರ್ಷದಿಂದ ಮೊಗ್ರಾಲ್ ಹೊಳೆಯಲ್ಲಿ ಗಾಳ ಹಾಕ್ತಿದ್ದೇನೆ, ಇದು ಮೊದಲ ಸಲ ಕೇಳುವುದು.

ಬದಿಯಡ್ಕ ಟೀಚರ್
ತಮಾಷೆ ಅಲ್ಲ. ಇನ್ನೊಂದು ಕೇಳಿ. ನಮ್ಮ ಮುರು ಮೀನು ಉಂಟಲ್ಲ, ಅದರ ಜಾತಿಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಒಂದೇ ಬುಟ್ಟಿಯಲ್ಲಿ ಅಕ್ಕಪಕ್ಕ ಮಲಗಿರುವ ಎರಡು ಮೀನು, ಒಂದರ ಕಥೆ ಇನ್ನೊಂದಕ್ಕೆ ತಿರುಗುಮುರುಗು.

ಕುರುಡಿಗೆ ಇದರಿಂದ ಲಾಭ ಎಂತ ಅಂತ ಕೇಳಬಹುದು. ತತ್ತಿ ಹೊರಲಿಕ್ಕೆ ಹೊಟ್ಟೆ ದೊಡ್ಡದು ಬೇಕು. ಹತ್ತು ಕಿಲೋ ಆಸುಪಾಸಿನ ಹೆಣ್ಣಿನ ತತ್ತಿಯನ್ನು ಲಕ್ಷದಲ್ಲಿ ಎಣಿಸಬೇಕು, ಇಪ್ಪತ್ತು ಕಿಲೋ ದಾಟಿದ್ದರಲ್ಲಿ ಕೋಟಿಯಲ್ಲಿ. ಬೀಜ ಬಿಡಲಿಕ್ಕೆ ಸಣ್ಣ ಮೈ ಸಾಕು. ಸಣ್ಣಗಿರುವಾಗ ಗಂಡಾಗಿದ್ದು, ಮೈ ತುಂಬಿದ ಮೇಲೆ ಹೆಣ್ಣಾದರೆ ಒಂದೇ ಆಯುಷ್ಯದಲ್ಲಿ ಎರಡೂ ಕೆಲಸ ಆಯ್ತು.

ಬಲೆಮನೆ
ಹಾಗಾದ್ರೆ ನಾವು ದೊಡ್ಡದು ಹಿಡಿದಾಗೆಲ್ಲ ತಾಯಿಯನ್ನೇ ಹಿಡಿದದ್ದು ಅಂತಾಯ್ತು.

ಬದಿಯಡ್ಕ ಟೀಚರ್
ಹೌದು. ಆ ಮಾತು ನಾನು ಹೇಳುವುದಕ್ಕಿಂತ ನಿಮ್ಮಿಂದ ಬಂದದ್ದು ಒಳ್ಳೆಯದಾಯ್ತು.

ಪಡನ್ನ ಪಂಜರ
ತಡವಾಗಿ ನೋಡಿದೆ, ಮಳೆಗೆ ಪಂಜರ ಕಟ್ಟುವ ಕೆಲಸದಲ್ಲಿದ್ದೆ. ನನ್ನ ಊರು ನೀರ್ಚಾಲು, ಹೆಂಡತಿಯ ಊರು ಪಡನ್ನ. ಕವ್ವಾಯಿ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯಿ ಅನ್ನುವ ಚಿಪ್ಪು ಬೆಳೆಸುವ ಹಗ್ಗದ ಪಕ್ಕದಲ್ಲೇ ಎರಡು ಪಂಜರ ಇಟ್ಟು ಕುರುಡಿ ಸಾಕುತ್ತೇನೆ. ಟೀಚರ್ ಹೇಳಿದ್ದು ನಿಜ. ನಾವು ಮಾರುವುದು ಒಂದು, ಒಂದೂವರೆ ಕಿಲೋ ಆದಾಗ. ಇವತ್ತಿನವರೆಗೆ ನನ್ನ ಪಂಜರದ ಮೀನಿನಲ್ಲಿ ತತ್ತಿ ಕಂಡ ಗಿರಾಕಿ ಒಬ್ಬನೂ ಇಲ್ಲ. ಎಲ್ಲ ಹುಡುಗರು.

ಮರಿ ಬರುವುದು ಹ್ಯಾಚರಿಯಿಂದ. ಥಾಯ್ಲೆಂಡಿನವರು 1970ರ ದಶಕದ ಶುರುವಿನಲ್ಲೇ ಇದರ ಮರಿ ಮಾಡಿಸಿದ್ದರು. ನಮ್ಮಲ್ಲಿ ಚೆನ್ನೈಯ ಸೀಬಾ ಸಂಸ್ಥೆ 1997ರಲ್ಲಿ ಮೊದಲು ಮಾಡಿತು. ಹಾರ್ಮೋನ್ ಕೊಟ್ಟು ತತ್ತಿ ಬಿಡಿಸುವುದು, ಮರಿಗೆ ಮೊದಲು ರೋಟಿಫರ್, ಆಮೇಲೆ ಆರ್ಟೀಮಿಯಾ (ಎರಡೂ ನೀರಿನ ತೀರಾ ಸಣ್ಣ ಜೀವಿಗಳು), ಆಮೇಲೆ ಒಣ ಆಹಾರ. ಇದನ್ನು ಕೇಳಿದಾಗ ಸುಲಭ ಅನ್ನಿಸ್ತದೆ.

ನನ್ನ ಮೊದಲ ವರ್ಷದ ಕಥೆ ಹೇಳ್ತೇನೆ. ಒಂದು ಕಡೆಯಿಂದ 600 ಮರಿ ತಂದೆ. ಬೆರಳುದ್ದ. ಚೀಲ ಬಿಚ್ಚಿದಾಗಲೇ ನೋಡಿದೆ, ಕೆಲವು ಕಿರುಬೆರಳಿನಷ್ಟು, ಕೆಲವು ನಡುಬೆರಳಿನಷ್ಟು. ಕೊಟ್ಟವರು "ಏನೂ ಆಗುವುದಿಲ್ಲ, ಒಂದೇ ತಾಯಿಯ ಮಕ್ಕಳು" ಅಂದರು. ಹದಿನೈದು ದಿನ ಆದ ಮೇಲೆ ಬಲೆ ಎತ್ತಿದರೆ ಪಾತ್ರೆಯ ತಳ ಕಾಣ್ತದೆ, ಅಷ್ಟು ಖಾಲಿ. ಎಣಿಸಿದರೆ 170. ಕಾಗೆ ತಿಂದಿತಾ, ಬಲೆ ಹರಿದಿತಾ, ಯಾರಾದ್ರೂ ಕದ್ದರಾ ಅಂತ ಎಲ್ಲ ಯೋಚನೆ ಆಯ್ತು. ಆಮೇಲೆ ಒಂದು ಸತ್ತದ್ದು ತೇಲಿ ಬಂತು. ಅದರ ಬಾಯಿಯಿಂದ ಇನ್ನೊಂದರ ಬಾಲ ಹೊರಗೆ ಇಣುಕುತ್ತಿತ್ತು. ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ ಎರಡೂ ಸತ್ತಿದ್ದವು. ತಮ್ಮನನ್ನು ಅರ್ಧ ನುಂಗಿದ ಅಣ್ಣ.

ತನ್ನ ಉದ್ದದ ಅರವತ್ತು ಶೇಕಡದಷ್ಟು ಉದ್ದದ್ದನ್ನೂ ಇದು ನುಂಗಬಲ್ಲದು. ಈಗ ನಾನು ಮೂರು ನಾಲ್ಕು ದಿನಕ್ಕೊಮ್ಮೆ ಜರಡಿ ಹಿಡಿದು ಗಾತ್ರ ನೋಡಿ ಬೇರೆ ಮಾಡ್ತೇನೆ. ಹತ್ತು ಸೆಂಟಿಮೀಟರ್ ದಾಟುವವರೆಗೆ ಬೇರೆ ದಾರಿಯೇ ಇಲ್ಲ. ಹೆಂಡತಿ ಹೇಳ್ತಾಳೆ, ಶಾಲೆಯ ಮಕ್ಕಳನ್ನು ಕೂಡಾ ಇಷ್ಟು ಸಲ ಸಾಲು ನಿಲ್ಲಿಸುವುದಿಲ್ಲ ಅಂತ.

ಕುಂಬ್ಳೆ ಮೊಮ್ಮಗ
ಬಾಲದ ವಿಷಯ ಓದಿ ಚಹಾ ಕೆಳಗಿಟ್ಟೆ.

ಅಡಿಕೆ ತೋಟ
ನಾನು ಮೀನು ತಿನ್ನುವ ಪೈಕಿ ಅಲ್ಲ. ಆದರೂ ಓದದೆ ಇರಲಿಕ್ಕೆ ಆಗ್ಲಿಲ್ಲ. ಒಂದು ಸಂಶಯ: ಇದು ಕಡಲಿನದ್ದಾ, ಹೊಳೆಯದ್ದಾ? ಮೇಲೆ ಒಬ್ಬರು ಅಳಿವೆ ಅಂದರು, ಒಬ್ಬರು ಹೊಳೆ ಅಂದರು, ಒಬ್ಬರು ಹಿನ್ನೀರು ಅಂದರು.

ಬಲೆಮನೆ
ಮೂರೂ ಅಣ್ಣಾ. ಹುಟ್ಟುವುದು ಉಪ್ಪಿನಲ್ಲಿ, ಬೆಳೆಯುವುದು ಸಿಹಿಯಲ್ಲಿ.

ನಾನು ಕಂಡದ್ದು ಹೇಳ್ತೇನೆ. ಮಳೆ ಹಿಡಿದು ಹೊಳೆ ಕೆಂಪಾಗಿ, ಅಳಿವೆಯ ಹೊಯ್ಗೆ ದಿಬ್ಬ ಒಡೆದು ಬಾಯಿ ಬಿಟ್ಟ ಮೇಲೆ ದೊಡ್ಡವು ಬಾಯಿಯ ಹತ್ತಿರ ಸೇರ್ತವೆ. ಅಮಾವಾಸ್ಯೆ ಹುಣ್ಣಿಮೆಯ ಆಚೀಚೆ, ಸಂಜೆ ಹೊತ್ತು, ನೀರು ಏರಿ ಬರುವಾಗ. ಆ ಹೊತ್ತಿಗೆ ನಾವೂ ಅಲ್ಲೇ ಇರ್ತೇವೆ ಅನ್ನುವುದು ಬೇರೆ ವಿಷಯ. ಒಂದೆರಡು ತಿಂಗಳು ಕಳೆದ ಮೇಲೆ ಕಾಂಡ್ಲಾ ಗಿಡದ ಬೇರಿನ ಎಡೆಯಲ್ಲಿ ಬೆರಳುದ್ದದ ಮರಿಗಳು. ಅವಕ್ಕೆ ಮೂಗಿನಿಂದ ಬೆನ್ನಿನವರೆಗೆ ಒಂದು ಬಿಳಿ ಗೆರೆ, ಮೈಯೆಲ್ಲ ಕಂದು ಮಚ್ಚೆ. ದೊಡ್ಡದನ್ನು ಮಾತ್ರ ಕಂಡವರಿಗೆ ಇದು ಕುರುಡಿ ಅಂತ ಹೇಳಿದರೆ ನಂಬುವುದಿಲ್ಲ. ಅಲ್ಲಿಂದ ಹೊಳೆ ಹತ್ತುತ್ತವೆ. ಪೆರ್ಲದ ಕಡೆಯವರು ಕೂಡಾ ಹೊಳೆಯ ಗುಂಡಿಯಲ್ಲಿ ಹಿಡಿದದ್ದನ್ನು ನಮ್ಮಪ್ಪ ಹೇಳ್ತಿದ್ದರು.

ಬದಿಯಡ್ಕ ಟೀಚರ್
ಬಲೆಮನೆಯವರು ಹೇಳಿದ್ದನ್ನೇ ಸ್ವಲ್ಪ ಮುಂದುವರಿಸ್ತೇನೆ. ತತ್ತಿಗೆ ಉಪ್ಪು ನೀರೇ ಬೇಕು, ಲೀಟರಿಗೆ 28ರಿಂದ 32 ಗ್ರಾಂ ಉಪ್ಪು. ಆವಾಗ ಮಾತ್ರ ತತ್ತಿ ತೇಲ್ತದೆ. ಉಪ್ಪು ಕಡಿಮೆಯಾದರೆ ಮುಳುಗ್ತದೆ. ತತ್ತಿಯ ಅಡ್ಡಗಾತ್ರ ಒಂದು ಮಿಲಿಮೀಟರಿಗಿಂತ ಕಡಿಮೆ, ಒಡೆಯಲಿಕ್ಕೆ ಒಂದು ಹಗಲು ರಾತ್ರಿಯೂ ಬೇಡ, ಬೆಚ್ಚಗಿನ ನೀರಿನಲ್ಲಿ 17, 18 ಗಂಟೆ ಸಾಕು. ಹೊಳೆಯಲ್ಲಿ ಎಷ್ಟು ವರ್ಷ ಇದ್ದರೂ ಅಲ್ಲಿ ಸಂತಾನ ಇಲ್ಲ. ಕೆಳಗೆ ಇಳಿಯಲೇಬೇಕು.

ಇದು ಉಪ್ಪಿನಿಂದ ಸಿಹಿಗೆ ಹೋಗಿ ಬದುಕುವುದು ಹೇಗೆ ಅಂತ ಒಂಬತ್ತನೇ ಕ್ಲಾಸಿನಲ್ಲಿ ಮಕ್ಕಳು ಕೇಳ್ತಾರೆ. ಕಡಲಿನಲ್ಲಿರುವಾಗ ಮೈಯ ನೀರು ಹೊರಗೆ ಹೋಗ್ತದೆ. ಹಾಗಾಗಿ ಮೀನು ಕಡಲ ನೀರು ಕುಡಿದು, ಒಳಗೆ ಸೇರಿದ ಉಪ್ಪನ್ನು ಕಿವಿರಿನ ಮೂಲಕ ಹೊರದೂಡ್ತದೆ. ಹೊಳೆಗೆ ಬಂದಾಗ ನೀರು ತಾನಾಗಿ ಮೈಯೊಳಗೆ ನುಗ್ಗುತ್ತದೆ. ಆವಾಗ ಕುಡಿಯುವುದು ನಿಲ್ಲಿಸಿ ತೆಳು ಮೂತ್ರ ಧಾರಾಳ ಬಿಡ್ತದೆ, ಕಿವಿರು ಉಪ್ಪನ್ನು ಒಳಗೆಳೆಯಲಿಕ್ಕೆ ಶುರುಮಾಡ್ತದೆ. ಒಂದೇ ಪಂಪು, ಹಿಂದೆ ಮುಂದೆ ಎರಡೂ ಓಡ್ತದೆ.

ಗಾಳಗಂಬ
ಗಾಳದವರ ಕಡೆಯಿಂದ ನನ್ನದೂ ಸ್ವಲ್ಪ.

ರಾತ್ರಿ ರೈಲ್ವೆ ಸೇತುವೆಯ ಕೆಳಗೆ ಕೂತರೆ ಕುರುಡಿ ಬಂದದ್ದು ಕಿವಿಗೆ ಗೊತ್ತಾಗ್ತದೆ. ಅದು ಕಚ್ಚುವುದಿಲ್ಲ. ಬಾಯಿ ಒಮ್ಮೆಲೇ ತೆರೆದು ನೀರಿನ ಜೊತೆ ಎಟ್ಟಿಯನ್ನೋ (ಸಿಗಡಿ) ಮಾಲಾ ಮೀನನ್ನೋ ಒಳಗೆ ಎಳ್ಕೊಳ್ತದೆ. ಆ ಹೊತ್ತಿಗೆ ಬರುವ ಶಬ್ದ "ಬುಫ್" ಅಂತ. ಖಾಲಿ ಕೊಡವನ್ನು ಕವುಚಿ ನೀರಿಗೆ ಒತ್ತಿ ಒಮ್ಮೆಲೇ ಬಿಟ್ಟ ಹಾಗೆ. ಕಂಬದ ನೆರಳು ಮತ್ತು ಬೆಳಕು ಸೇರುವ ಗೆರೆ ಉಂಟಲ್ಲ, ಅಲ್ಲೇ, ನೆರಳಿನ ಬದಿಯಲ್ಲಿ ನಿಂತಿರ್ತದೆ. ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಹಾಗೆ. ಹೆಸರು ಕುರುಡಿ, ಕಣ್ಣು ನೋಡಿದರೆ ಊರಿನಲ್ಲೇ ಚುರುಕು. ಈ ಹೆಸರು ಇಟ್ಟವನು ಹಗಲು ಮಾತ್ರ ಮೀನು ಹಿಡಿದವನೇ ಇರಬೇಕು.

ಸಿಕ್ಕಿದ ಮೇಲೆ ನೀರಿನಿಂದ ಮೇಲೆ ಹಾರಿ ಮಂಡೆ ಕೊಡವುತ್ತದೆ. ಆವಾಗ ದಾರ ಸಡಿಲ ಬಿಟ್ಟರೆ ಮುಗೀತು. ಕಿವಿರು ಮುಚ್ಚಳದ ಅಂಚು ಗರಗಸ ಇದ್ದ ಹಾಗೆ, ಕೆಳಗೆ ಒಂದು ಮುಳ್ಳು ಬೇರೆ. ನೈಲಾನ್ ದಾರ ಕಡಿದು ಹೋಗ್ತದೆ. ನನ್ನ ಬಲಗೈ ನಡುಬೆರಳಿನಲ್ಲಿ ಅರ್ಧ ಇಂಚಿನ ಕಲೆ ಉಂಟು, ಹತ್ತು ವರ್ಷ ಹಿಂದೆ ಮೂರು ಕಿಲೋದ್ದನ್ನು ಕಿವಿರಿಗೆ ಬೆರಳು ಹಾಕಿ ಎತ್ತಿದ್ದಕ್ಕೆ. ಹೊಸಬರು ಕೆಳದವಡೆ ಹಿಡಿದು ಎತ್ತಿ. ಹಲ್ಲು ಅರದ ಹಾಗೆ ತರಿತರಿ, ಕೊಯ್ಯುವುದಿಲ್ಲ.

ಬದಿಯಡ್ಕ ಟೀಚರ್
ಆ ಮುಳ್ಳೇ ಇದರ ವೈಜ್ಞಾನಿಕ ಹೆಸರು. ಲೇಟಿಸ್ ಕ್ಯಾಲ್ಕರಿಫರ್ ಅಂತ. ಕ್ಯಾಲ್ಕರ್ ಅಂದರೆ ಲ್ಯಾಟಿನಿನಲ್ಲಿ ಕುದುರೆ ಸವಾರನ ಹಿಮ್ಮಡಿಯ ಮುಳ್ಳು. 1790ರಲ್ಲಿ ಬ್ಲಾಕ್ ಅನ್ನುವ ಜರ್ಮನ್ ವೈದ್ಯ ವರ್ಣಿಸಿದ್ದು. ಅವನ ಬೆರಳಿಗೂ ತಾಗಿತ್ತೋ ಏನೋ.

ಪುತ್ತಿಗೆ ಟು ಹೌರಾ
ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಬಿಟ್ಟು ಊರಿನ ಸಣ್ಣ ಮೀನುಗಳನ್ನೆಲ್ಲ ತಿಂದು ಹಾಕಿದ ನೈಲ್ ಪರ್ಚ್ ಇದರ ದಾಯಾದಿ ಅಲ್ವಾ?

ಬದಿಯಡ್ಕ ಟೀಚರ್
ಅದೇ ಕುಲ, ಬೇರೆ ಜಾತಿ. 1950ರ ದಶಕದಲ್ಲಿ ಅಲ್ಲಿ ಬಿಟ್ಟದ್ದು. ಕುರುಡಿ ಇಲ್ಲಿಯದ್ದೇ, ಹಾಗಾಗಿ ಅದರ ಪಾಪ ಇದಕ್ಕಿಲ್ಲ. ಆದರೂ ಪಡನ್ನದವರಿಗೆ ಒಂದು ಮಾತು, ಕೆರೆಯಲ್ಲಿ ಬೇರೆ ಮೀನು ಇದ್ದರೆ ಇದನ್ನು ಬಿಡಬೇಡಿ.

ಪಡನ್ನ ಪಂಜರ
ಬಿಟ್ಟವರ ಕೆರೆ ನೋಡಿದ್ದೇನೆ. ಕರಿಮೀನು ಹಾಕಿ ಅದರ ಮೇಲೆ ಕುರುಡಿ ಬಿಟ್ಟಿದ್ದರು. ವರ್ಷದ ಕೊನೆಗೆ ದಪ್ಪ ದಪ್ಪ ಕುರುಡಿ ಮಾತ್ರ. ಕೇರಳದ ರಾಜ್ಯ ಮೀನು ಅದರ ಹೊಟ್ಟೆಯೊಳಗೆ.

ಪಯಸ್ವಿನಿ ಮೇಲ್ದಂಡೆ
ನಾನು ಮುಳಿಯಾರಿನವ. ಸಣ್ಣದಿರುವಾಗ ನಮ್ಮ ಮನೆಯ ಕೆಳಗಿನ ಗುಂಡಿಯಲ್ಲಿ ಬೇಸಗೆಯಲ್ಲಿ ಎರಡು ಮೂರು ಕಿಲೋದ ಕುರುಡಿ ಕಾಣ್ತಿತ್ತು. ಟೀಚರ ಲೆಕ್ಕದಲ್ಲಿ ಅವೆಲ್ಲ ಗಂಡು. ಈಗ ಇಲ್ಲ. ನನಗೆ ಕಾರಣ ಸ್ಪಷ್ಟ ಉಂಟು. ಬಾವಿಕ್ಕರೆ ರೆಗ್ಯುಲೇಟರ್. ಹೊಳೆಗೆ ಅಡ್ಡ ಗೋಡೆ ಕಟ್ಟಿದರೆ ಮೀನು ಹತ್ತುವುದು ಎಲ್ಲಿಂದ?

ಬಲೆಮನೆ
ಅಷ್ಟು ಸುಲಭದಲ್ಲಿ ಹೇಳಬೇಡಿ. ಕಾಸರಗೋಡು ಪೇಟೆಯವರು ಬೇಸಗೆಯಲ್ಲಿ ನಳ್ಳಿಯಲ್ಲಿ ಉಪ್ಪು ನೀರು ಕುಡಿದದ್ದು ನಿಮಗೆ ಗೊತ್ತಿಲ್ವಾ? ವರ್ಷ ವರ್ಷ ಮರಳಿನ ಚೀಲ ಇಟ್ಟು ಕಟ್ಟ ಕಟ್ಟುವುದು, ಒಂದು ದೊಡ್ಡ ಭರತಕ್ಕೆ ಅದು ಕಿತ್ತು ಹೋಗುವುದು. ನನ್ನ ತಂಗಿಯ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕಿದರೂ ಉಪ್ಪು.

ಪಯಸ್ವಿನಿ ಮೇಲ್ದಂಡೆ
ಕುಡಿಯುವ ನೀರು ಬೇಡ ಅಂತ ನಾನು ಹೇಳಿದ್ದಾ? ಗೋಡೆ ಕಟ್ಟುವಾಗ ಮೀನಿಗೆ ಒಂದು ಮೆಟ್ಟಿಲು ಇಡಬಹುದಿತ್ತು ಅಂತ ನನ್ನ ಮಾತು.

ಅಡಿಕೆ ತೋಟ
ಇಲ್ಲಿ ನನಗೂ ಬಾಯಿ ಹಾಕಲಿಕ್ಕೆ ಅವಕಾಶ ಸಿಕ್ಕಿತು. ನಾವು ಏತಡ್ಕದವರು, ತೋಡಿಗೆ ಕಟ್ಟ ಕಟ್ಟುವವರು. ಕಲ್ಲು, ಮಣ್ಣು, ಸೊಪ್ಪು. ಮಳೆ ಕಡಿಮೆಯಾಗಿ ನೀರು ತಿಳಿಯಾದ ಮೇಲೆ ಕಟ್ಟುವುದು, ಮಳೆಗಾಲ ಬಂದಾಗ ಬಿಡಿಸುವುದು. ನಾವು ಬಿಡಿಸದಿದ್ದರೆ ನೀರೇ ಬಿಡಿಸ್ತದೆ. ಮೀನಿಗೋಸ್ಕರ ಅಂತ ಯಾರೂ ಮಾಡಿದ್ದಲ್ಲ, ತೋಟಕ್ಕೆ ನೆರೆ ನುಗ್ಗಬಾರದು ಅಂತ. ಆದರೆ ಅರ್ಧ ವರ್ಷ ತೋಡು ತೆರೆದೇ ಇರ್ತದೆ. ನಮ್ಮ ತೋಡಿಗೆ ಕುರುಡಿ ಬರುವುದಿಲ್ಲ, ಅದು ಬೇರೆ. ಕೇಳಬೇಕಾದ್ದು ಒಂದೇ, ಬಾವಿಕ್ಕರೆಯಲ್ಲಿ ಬಾಗಿಲು ಯಾವ ತಿಂಗಳಲ್ಲಿ ತೆರೆದಿರ್ತದೆ?

ಪಯಸ್ವಿನಿ ಮೇಲ್ದಂಡೆ
ಮಳೆ ಹಿಡಿದ ಮೇಲೆ ಶಟರ್ ಎತ್ತಿರ್ತಾರೆ. ಅದು ನಿಜ.

ಬದಿಯಡ್ಕ ಟೀಚರ್
ಹಾಗಾದರೆ ಲೆಕ್ಕ ಸ್ವಲ್ಪ ಬೇರೆ ಆಗ್ತದೆ. ದೊಡ್ಡವು ಇಳಿಯಬೇಕಾದ್ದು ಮಳೆಯ ಹೊತ್ತಿಗೆ, ಆವಾಗ ಬಾಗಿಲು ತೆರೆದಿದೆ. ಮರಿ ಹತ್ತಬೇಕಾದ್ದು ಮಳೆಯ ಕೊನೆಗೆ ಮತ್ತು ಆಮೇಲೆ. ನನಗೆ ಕಾಣುವ ಹಾಗೆ ತಕರಾರು ಇರುವುದು ಅಲ್ಲಿ. ಶಟರ್ ಎಷ್ಟು ಬೇಗ ಇಳಿಸ್ತಾರೆ ಅನ್ನುವುದರ ಮೇಲೆ ಬೆರಳುದ್ದದ ಮರಿಗಳ ಹಣೆಬರಹ ನಿಂತಿದೆ. ಎರಡು ವಾರ ತಡವಾಗಿ ಇಳಿಸಿದರೆ ಕುಡಿಯುವ ನೀರಿಗೆ ಅಡ್ಡಿ ಆಗ್ತದಾ ಅನ್ನುವುದನ್ನು ಅದರ ಕೆಲಸ ಗೊತ್ತಿದ್ದವರೇ ಹೇಳಬೇಕು. ರೆಗ್ಯುಲೇಟರ್ ಒಂದರ ಮೇಲೆ ಎಲ್ಲ ಹೊರಿಸಲಿಕ್ಕೆ ನನಗೆ ಮನಸ್ಸಿಲ್ಲ.

ಬಲೆಮನೆ
ಬೇರೆ ಕಾರಣ ನಾನು ಹೇಳ್ತೇನೆ, ಸಿಟ್ಟು ಬೇಡ. ಬೇಸಗೆಯ ಗುಂಡಿಗೆ ತೋಟೆ (ಸಿಡಿಮದ್ದು) ಹಾಕುವವರು ಯಾರು? ಬ್ಲೀಚಿಂಗ್ ಪೌಡರ್ ಕದಡುವವರು ಯಾರು? ಕಡಲಿನವರಲ್ಲ. ಒಂದು ತೋಟೆಗೆ ಗುಂಡಿಯ ತಾಯಿ ಮರಿ ಎಲ್ಲ ಮಗುಚಿ ಬೀಳ್ತದೆ, ಮೇಲೆ ತೇಲಿದ್ದನ್ನು ಹೆಕ್ಕಿಕೊಂಡು ಹೋಗ್ತಾರೆ, ಅಡಿಯಲ್ಲಿ ಬಿದ್ದದ್ದು ಅಲ್ಲೇ ಕೊಳೀತದೆ. ಇನ್ನು ನಮ್ಮವರದ್ದೂ ತಪ್ಪುಂಟು. ಅಳಿವೆಯಲ್ಲಿ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಎಳೆಯುವುದು. ಎಟ್ಟಿಗೆ ಅಂತ ಎಳೆದು, ಬಿಳಿ ಗೆರೆಯ ಮರಿಗಳನ್ನು ಹೊಯ್ಗೆಯ ಮೇಲೆ ಚೆಲ್ಲಿ ಹೋಗ್ತಾರೆ. ಕಾಗೆಗೂ ಮುಗಿಸಲಿಕ್ಕೆ ಆಗುವುದಿಲ್ಲ. ನಾನೂ ಎಳೆದಿದ್ದೇನೆ, ಹದಿನೆಂಟರ ಪ್ರಾಯದಲ್ಲಿ.

ಪಯಸ್ವಿನಿ ಮೇಲ್ದಂಡೆ
ತೋಟೆಯ ವಿಷಯ ಒಪ್ಪಿದೆ. ನಮ್ಮ ಗುಂಡಿಗೂ ಹಾಕಿದ್ದಾರೆ.

ಗಾಳಗಂಬ
ಹಾಗಾದರೆ ಎಂತ ಮಾಡುವುದು? ಸಣ್ಣದು ಹಿಡಿದರೆ ಮರಿ ಹಾಳು, ದೊಡ್ಡದು ಹಿಡಿದರೆ ತಾಯಿ ಹಾಳು. ಗಾಳ ಸುತ್ತಿ ಅಟ್ಟಕ್ಕೆ ಹಾಕುವುದಾ?

ಬದಿಯಡ್ಕ ಟೀಚರ್
ನಡುವಿನದ್ದು ಹಿಡಿಯಿರಿ. ಆಸ್ಟ್ರೇಲಿಯಾದವರು ಇದೇ ಮೀನಿಗೆ ಬ್ಯಾರಮಂಡಿ ಅಂತಾರೆ. ಅಲ್ಲಿನ ಕ್ವೀನ್ಸ್‌ಲ್ಯಾಂಡಿನಲ್ಲಿ 58 ಸೆಂಟಿಮೀಟರಿಗಿಂತ ಸಣ್ಣದು ಸಿಕ್ಕಿದರೂ ನೀರಿಗೆ ಬಿಡಬೇಕು, 120 ಸೆಂಟಿಮೀಟರಿಗಿಂತ ದೊಡ್ಡದು ಸಿಕ್ಕಿದರೂ ಬಿಡಬೇಕು. ಮೇಲಿನ ಮಿತಿ ಯಾಕೆ ಅಂತ ನಿಮಗೆ ಈಗ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಸಣ್ಣದು ಹಿಡಿಯಬೇಡಿ ಅನ್ನುವ ನಿಯಮ ಇರ್ತದೆ, ಈ ಮೀನಿನ ಮಟ್ಟಿಗೆ ಅದು ಗಂಡನ್ನು ಮಾತ್ರ ಕಾಯುವ ನಿಯಮ.

ಬಲೆಮನೆ
ಒಳ್ಳೆ ಮಾತು. ಆದರೆ ಟೀಚರೇ, ಜೂನ್ ತಿಂಗಳಲ್ಲಿ ಮನೆಯಲ್ಲಿ ಅಕ್ಕಿ ಮುಗಿದಿರುವಾಗ ಬಲೆಗೆ 12 ಕಿಲೋದ್ದು ಬಿದ್ದರೆ ವಾಪಸ್ ಬಿಡುವ ಧೈರ್ಯ ನನಗಿಲ್ಲ. ಸುಳ್ಳು ಹೇಳುವುದಿಲ್ಲ. ಬಲೆಯಲ್ಲಿ ಬಿದ್ದದ್ದು ಅರ್ಧ ಸತ್ತೇ ಇರ್ತದೆ. ಬಿಟ್ಟರೂ ಬದುಕುವ ಗ್ಯಾರಂಟಿ ಇಲ್ಲ. ಗಾಳದವರು ಬಿಡಬಹುದು, ಅವರಿಗೆ ಅದು ಶೋಕಿ.

ಗಾಳಗಂಬ
ಶೋಕಿಯೇ, ಒಪ್ಪಿದೆ. ದೊಡ್ಡದು ಸಿಕ್ಕಿದರೆ ಫೋಟೋ ತೆಗೆದು ಬಿಡ್ತೇನೆ. ಮೊದಲು ಸಿಗಬೇಕಲ್ಲ. ನನ್ನ ದಾಖಲೆ ಇವತ್ತಿಗೂ 5 ಕಿಲೋ.

ಪಡನ್ನ ಪಂಜರ
ಬಲೆಮನೆಯವರೇ, ನೀವು ಹಿಡಿಯುವ ತಾಯಿ ಸತ್ತಿರದಿದ್ದರೆ ಮಾಂಸದ ಕ್ರಯಕ್ಕಿಂತ ಹೆಚ್ಚು ಕೊಟ್ಟು ತಕ್ಕೊಳ್ಳುವವರು ಇದ್ದಾರೆ. ಹ್ಯಾಚರಿಗಳಿಗೆ ಜೀವಂತ ತಾಯಿ ಮೀನು ಬೇಕು, ಸಾಕಿದ್ದು ಹೆಣ್ಣಾಗುವವರೆಗೆ ವರ್ಷಗಟ್ಟಲೆ ಕಾಯುವುದು ಖರ್ಚಿನ ಕೆಲಸ. ಆದರೆ ಅಳಿವೆಯಿಂದ ಟ್ಯಾಂಕಿನವರೆಗೆ ಜೀವ ಉಳಿಸಿ ಸಾಗಿಸುವುದು ತಮಾಷೆ ಅಲ್ಲ. ನಿಮ್ಮ ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇಡಲಿಕ್ಕೆ ಜಾಗ ಉಂಟಾ?

ಬಲೆಮನೆ
ದೋಣಿಯಲ್ಲಿ ನಮಗೆ ಕಾಲು ಚಾಚಲಿಕ್ಕೆ ಜಾಗ ಇಲ್ಲ ಮಾರಾಯ್ರೆ. ನಂಬರ್ ಇಲ್ಲಿ ಹಾಕಬೇಡಿ, ಖಾಸಗಿಯಾಗಿ ಕಳಿಸಿ. ವಿಚಾರ ಮಾಡುವ.

ಉಪ್ಪಳ ಅಡುಗೆಮನೆ
ಎಲ್ಲ ಕೇಳಿದ್ದಾಯ್ತು. ಮಂಡೆ ಎಂತ ಆಯ್ತು? ಕುರುಡಿ ಮಂಡೆಗೆ ಹುಣಸೆಹುಳಿ ಹಾಕಿದರೆ ನಾನು ಈ ಚರ್ಚೆಯಿಂದ ಹೊರಗೆ. ಮಾವಿನಕಾಯಿ ಇರುವ ಕಾಲ ಮುಗಿದಿದ್ದರೆ ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಉಂಟಲ್ಲ, ಅದನ್ನು ಹಿಂಡಿ ಹಾಕಿ. ಕೊತ್ತಂಬರಿ ಕಮ್ಮಿ. ತೆಂಗಿನಕಾಯಿ ನುಣ್ಣಗೆ. ಕುದಿ ಬಂದ ಮೇಲೆ ಸೌಟು ಹಾಕಿ ತಿರುಗಿಸಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಕೆನ್ನೆಯ ಮಾಂಸ ಒಂದು ರೂಪಾಯಿ ನಾಣ್ಯದಷ್ಟು ಬರ್ತದೆ, ಅದನ್ನು ಯಾರಿಗೂ ಹೇಳದೆ ನೀವೇ ತಿನ್ನಿ.

ಕುಂಬ್ಳೆ ಮೊಮ್ಮಗ
ಮಂಡೆಗೆ ಉಪ್ಪು ಮಾವಿನಕಾಯಿಯೇ ಹಾಕಿದ್ದು, ಸಮಾಧಾನ ಮಾಡ್ಕೊಳ್ಳಿ. ಕೆನ್ನೆ ಒಂದು ಅಜ್ಜಿಗೆ, ಇನ್ನೊಂದು ಮಾವನಿಗೆ.

ಟೀಚರು ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. ಗಂಡೇ ಹೆಣ್ಣಾಗ್ತದೆ ಅಂದದ್ದಕ್ಕೆ ಆಶ್ಚರ್ಯವೇ ಪಡಲಿಲ್ಲ. "ಅರ್ಧ ಆಯುಷ್ಯ ತಿರುಗಾಡಿ ಆಮೇಲೆ ಹೊಟ್ಟೆ ಹೊರುವುದು, ನ್ಯಾಯವೇ" ಅಂದು ಎಲೆ ಅಡಿಕೆ ಹಾಕ್ಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಆ ತತ್ತಿ ಎಷ್ಟಿತ್ತು ಹೇಳಿದ್ದು?" ಅಂತ ಕೇಳಿದರು. ಲಕ್ಷಗಟ್ಟಲೆ ಅಂದೆ. ಮತ್ತೆ ಏನೂ ಮಾತಾಡಲಿಲ್ಲ.

ಇನ್ನೊಂದು ಕೇಳ್ಬೇಕಿತ್ತು. ಈ ಮೀನಿಗೆ ಪ್ರಾಯ ಎಷ್ಟಾಗಿತ್ತು ಅಂತ ಗೊತ್ತಾಗುವ ದಾರಿ ಉಂಟಾ?

ಬದಿಯಡ್ಕ ಟೀಚರ್
ಹುರುಪೆ ಇಟ್ಟಿದ್ದೀರಾ? ಸಾಬೂನು ನೀರಿನಲ್ಲಿ ತೊಳೆದು, ಎರಡು ಗಾಜಿನ ನಡುವೆ ಇಟ್ಟು, ಹಿಂದಿನಿಂದ ಬೆಳಕು ಬಿಡಿ. ಮರದ ಉಂಗುರದ ಹಾಗೆ ಗೆರೆ ಕಾಣ್ತವೆ. ತಲೆಯೊಳಗೆ ಕಿವಿಯ ಕಲ್ಲು ಅಂತ ಎರಡು ಬಿಳಿ ಕಲ್ಲು ಇರ್ತವೆ, ಅದರಲ್ಲಿ ಇನ್ನೂ ಸರಿಯಾಗಿ ಕಾಣ್ತದೆ. ಮಂಡೆ ಸಾರು ಆದ ಮೇಲೆ ಅದನ್ನು ಹುಡುಕುವುದು ಕಷ್ಟ. ನಮ್ಮ ಸೆಕೆಯ ಊರಿನಲ್ಲಿ ಉಂಗುರ ಚಳಿದೇಶದಷ್ಟು ಚೊಕ್ಕ ಇರುವುದಿಲ್ಲ, ಅಂದಾಜು ಅಷ್ಟೆ.

ಕುಂಬ್ಳೆ ಮೊಮ್ಮಗ
ಹಿತ್ತಿಲಿನ ತೆಂಗಿನ ಬುಡದಲ್ಲಿ ಹುಡುಕಿ ಮೂರು ಹುರುಪೆ ಹೆಕ್ಕಿದೆ. ಎಂಟಾಣೆಯಷ್ಟು ಅಗಲ, ಒಂದನ್ನು ಇರುವೆ ಅರ್ಧ ದಾರಿ ಎಳ್ಕೊಂಡು ಹೋಗಿತ್ತು. ಕನ್ನಡಕದ ಗಾಜಿನ ಮೇಲಿಟ್ಟು ಮೊಬೈಲ್ ಟಾರ್ಚ್ ಹಿಡಿದೆ. ನಡುವಿನದ್ದು ಮಸುಕು. ಹೊರಗಿನಿಂದ ಎಣಿಸಿದರೆ ಆರು, ಒಳಗಿನಿಂದ ಎಣಿಸಿದರೆ ಏಳು. ಒಂದು ಕಡೆ ಎರಡು ಗೆರೆ ತೀರಾ ಹತ್ತಿರ, ಒಂದಕ್ಕೊಂದು ಅಂಟಿದ ಹಾಗೆ.

ಬಲೆಮನೆ
ಏಳು ಅಂತ ಇಟ್ಕೊಳ್ಳಿ. ಏಳು ವರ್ಷದ ಕೆಳಗೆ ಮಳೆ ಜೋರಿತ್ತು, ನಮ್ಮ ಮನೆಯ ಅಂಗಳದವರೆಗೆ ಹೊಳೆ ಬಂದಿತ್ತು.